ಪ್ಲೇಟ್ ಹೆಚ್ಚಿತು, ಬ್ರೇಕ್ ಸೋತಿತು: ಮಲ್ಪೆಯ ಮೀನಿನ ಪಿಕಪ್ ಒಂದರ ಪ್ರಕರಣ

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಒತ್ತಿ ನಿಲ್ಲುವ ಈ 61 ದಿನಗಳಲ್ಲಿ ಮೀನು ಸಾಗಿಸುವ ಗಾಡಿಗಳಿಗೂ ಬಿಡುವು. ವರ್ಷವಿಡೀ ನಾಳೆಗೆ ತಳ್ಳಿದ ರಿಪೇರಿಗಳೆಲ್ಲ ಆಗಲೇ ಉಡುಪಿ ಸುತ್ತಿನ ಗ್ಯಾರೇಜುಗಳಿಗೆ ಬರುತ್ತವೆ. ನಿಷೇಧಕ್ಕೆ ಕೆಲವೇ ದಿನಗಳಿರುವಾಗ, ಮೇ ಕೊನೆಯಲ್ಲಿ, ನಮ್ಮಲ್ಲಿಗೆ ಬಂದ ಒಂದು ಪಿಕಪ್‌ನ ವಿಷಯ ಇಲ್ಲಿದೆ. ಮಾಲೀಕರ ಬೇಡಿಕೆ ಒಂದೇ ಸಾಲಿನದು: "ಹಿಂದೆ ಕೂರುತ್ತದೆ ಮಾರಾಯರೇ, ಎಡಕ್ಕೆ ವಾಲುತ್ತದೆ. ಇನ್ನೆರಡು ಪ್ಲೇಟ್ ಹಾಕಿಬಿಡಿ."

ಪ್ಲೇಟ್ ಎಂದರೆ ಹಿಂದಿನ ಆಕ್ಸಲ್ಲಿಗೂ (ಚಕ್ರಗಳ ಅಚ್ಚು) ಚಾಸಿಗೂ (ಗಾಡಿಯ ಅಡಿಚೌಕಟ್ಟು) ನಡುವೆ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿ; ಇಂಥವನ್ನು ಒಂದರ ಮೇಲೊಂದು ಜೋಡಿಸಿದ ಸೆಟ್ಟೇ ಲೀಫ್ ಸ್ಪ್ರಿಂಗ್. 'ಇನ್ನೆರಡು' ಎಂದರೆ ಅದಾಗಲೇ ಎರಡು ಹಾಕಿಸಿಯಾಗಿತ್ತು. ಹಿಂದಿನ ವರ್ಷ ಬೇರೊಂದು ಕಡೆ ಎರಡೂ ಬದಿಗೆ ಎರಡೆರಡು ದಪ್ಪ ಪ್ಲೇಟ್ ಸೇರಿಸಿದ್ದರು. ಕೆಲವು ತಿಂಗಳು ಗಾಡಿ ಎದೆ ಸೆಟೆಸಿ ನಿಂತಿತು, ಮಾಲೀಕರಿಗೆ ಖುಷಿಯಾಯಿತು, ಲೋಡ್ ಇನ್ನಷ್ಟು ಹೆಚ್ಚಿತು. ಈಗ ಮತ್ತೆ ಅದೇ ಕಥೆ.

ಗಾಡಿ ಏಳು ವರ್ಷದ್ದು. ಡೀಸೆಲ್ ಎಂಜಿನ್, ಹಿಂದೆ ಬದಿಗೊಂದೇ ಟೈರು, ತೆರೆದ ಬಾಡಿ. ಆರ್‌ಸಿಯಲ್ಲಿ ಖಾಲಿ ತೂಕ 1,695 ಕೆಜಿ, ಲೋಡ್ ಸಮೇತ ಒಟ್ಟು ತೂಕ 2,995 ಕೆಜಿ. ಅಂದರೆ ಹೊರಬಹುದಾದದ್ದು 1,300 ಕೆಜಿ. ಓಡುವ ದಾರಿ ಮಲ್ಪೆಯಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ ಮೂಲಕ ಶಿವಮೊಗ್ಗ. ತೀರ್ಥಹಳ್ಳಿಯವರೆಗೆ ರಾಷ್ಟ್ರೀಯ ಹೆದ್ದಾರಿ 169ಎ. ಹೋಗುವಾಗ ಐಸ್ ಹಾಕಿದ ಬೂತಾಯಿ, ಬಂಗುಡೆ. ಬರುವಾಗ ಸಿಕ್ಕಿದರೆ ಶಿವಮೊಗ್ಗದ ತರಕಾರಿ, ಸಿಗದಿದ್ದರೆ ಖಾಲಿ ಕ್ರೇಟು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಲೋಡ್ ಹೊತ್ತು ಹತ್ತುವುದೂ ಇದೆ, ಇಳಿಯುವುದೂ ಇದೆ. ಇಳಿಯುವುದು ಈ ಪ್ರಕರಣದಲ್ಲಿ ಮುಖ್ಯ. ಓಡಿಸುವವನು ಮಾಲೀಕರ ಅಕ್ಕನ ಮಗ, ಇಪ್ಪತ್ತೈದರ ಆಸುಪಾಸಿನ ಹುಡುಗ.

ಮೊದಲು ಟೇಪು, ಆಮೇಲೆ ಸ್ಪ್ಯಾನರ್

ಸಮತಟ್ಟಾದ ಸಿಮೆಂಟು ನೆಲದ ಮೇಲೆ ಖಾಲಿ ಗಾಡಿ ನಿಲ್ಲಿಸಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದೆವು. ಎಡಬದಿ ಬಲಬದಿಗಿಂತ 22 ಮಿ.ಮೀ. ತಗ್ಗು. ಮಾಲೀಕರ ದೂರು ನಿಜವೇ. ಬಳಿಕ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆದೆವು. ಎಡಬದಿಯ ಅಂತರ 9 ಮಿ.ಮೀ. ಹೆಚ್ಚು. ಪ್ಲೇಟ್ ಸೋತರೆ ಗಾಡಿ ಕೂರುತ್ತದೆ; ಆಕ್ಸಲ್ ಹೀಗೆ ಹಿಂದಕ್ಕೆ ಜರುಗಬೇಕಾದರೆ ಅದನ್ನು ಹಿಡಿದಿರಬೇಕಾದ್ದು ಎಲ್ಲೋ ಬಿಟ್ಟಿರಬೇಕು. ಸ್ಟಿಯರಿಂಗ್ ನೇರ ಹಿಡಿದರೂ ಗಾಡಿ ಸ್ವಲ್ಪ ಅಡ್ಡ ಓಡುತ್ತದೆ ಎಂದು ಹುಡುಗ ಹೇಳಿದ್ದಕ್ಕೂ ಇದೇ ಕಾರಣ.

ಜಾಕಿ ಏರಿಸಿ ಕೆಳಗೆ ಮಲಗಿ ನೋಡಿದಾಗ ಬಿಟ್ಟ ಜಾಗ ಕಂಡಿತು. ಆಕ್ಸಲ್ಲನ್ನು ಪ್ಲೇಟ್ ಸೆಟ್ಟಿಗೆ ಬಿಗಿಯುವುದು ನಾಲ್ಕು ಯು-ಬೋಲ್ಟ್‌ಗಳು, ಒಂದೊಂದು ಬದಿಗೆ ಎರಡರಂತೆ. ಎರಡು ಪ್ಲೇಟ್ ಸೇರಿಸಿದರೆ ಸೆಟ್ಟಿನ ದಪ್ಪ ಹೆಚ್ಚುತ್ತದೆ, ಯು-ಬೋಲ್ಟ್‌ನ ಉದ್ದವೂ ಅಷ್ಟೇ ಹೆಚ್ಚಬೇಕು. ಇಲ್ಲಿ ಹಳೆಯವನ್ನೇ ತಿರುಗಿ ಹಾಕಿದ್ದರು. ನಟ್ಟಿನ ಹೊರಗೆ ಎರಡು ಮೂರು ಸುತ್ತು ಮರೆ (ತಿರುಪಿನ ಗೆರೆ) ಕಾಣಬೇಕಾದ ಕಡೆ ಬೋಲ್ಟಿನ ತುದಿ ನಟ್ಟಿನೊಳಗೇ ಮುಗಿದಿತ್ತು. ಎಡಬದಿಯ ಒಂದು ನಟ್ಟು ಕೈಯಲ್ಲಿ ತಿರುಗಿತು. ಯು-ಬೋಲ್ಟ್ ಸಡಿಲವಾದರೆ ಆಕ್ಸಲ್ಲನ್ನು ಹಿಡಿದಿಡುವ ಹೊರೆ ಪೂರ್ತಿ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಅದು ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿಡಲು ಇರುವ ಬೋಲ್ಟೇ ಹೊರತು ಗಾಡಿಯ ಭಾರ ತಡೆಯಲು ಇರುವುದಲ್ಲ. ಸೆಟ್ ಬಿಚ್ಚಿದಾಗ ಅದು ಎರಡು ತುಂಡಾಗಿ ಕೈಗೆ ಬಂತು. ಯು-ಬೋಲ್ಟ್ ಬಿಗಿಯಾಗಿದ್ದರೆ ಪ್ಲೇಟಿನ ಆ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದ್ದರಿಂದ ಬಾಗಿ, ಸೆಂಟರ್ ಬೋಲ್ಟ್ ತೂರುವ ರಂಧ್ರದಿಂದ ಶುರುವಾದ ಬಿರುಕು ಹೊಸದಾಗಿ ಸೇರಿಸಿದ್ದ ದಪ್ಪ ಪ್ಲೇಟನ್ನು ಅಡ್ಡಕ್ಕೆ ಸೀಳಿತ್ತು. ಬಿರುಕಿನ ಮುಕ್ಕಾಲು ಭಾಗ ಕಪ್ಪಗೆ ತುಕ್ಕು ಹಿಡಿದು ಹಳತಾಗಿತ್ತು, ಕೊನೆಯ ಕಾಲು ಭಾಗ ಮಾತ್ರ ಹೊಳೆಯುತ್ತಿತ್ತು. ಅಂದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು, ಈಚೆಗೆ ಒಂದೇ ಏಟಿಗೆ ಪೂರ್ತಿ ಹೋಗಿದೆ.

ಸೇರಿಸಿದ ಗಟ್ಟಿ ಪ್ಲೇಟೇ ಮುರಿಯಿತು, ಏಳು ವರ್ಷದ ಹಳೆಯವು ಉಳಿದವು ಎಂದಾಗ ಮಾಲೀಕರು ನಂಬಲಿಲ್ಲ. ಲೆಕ್ಕ ತೋರಿಸಬೇಕಾಯಿತು. ಲೀಫ್ ಸ್ಪ್ರಿಂಗ್‌ನ ಬಿಗಿತ ಪ್ಲೇಟುಗಳ ಸಂಖ್ಯೆಯ ಪ್ರಮಾಣದಲ್ಲಿ ಏರುತ್ತದೆ. ದಪ್ಪದ ವಿಷಯದಲ್ಲಾದರೆ ಘನದ ಪ್ರಮಾಣದಲ್ಲಿ. ಕಂಪನಿಯ ಮುಖ್ಯ ಸೆಟ್ಟಿನಲ್ಲಿ 8 ಮಿ.ಮೀ. ದಪ್ಪದ ಐದು ಪ್ಲೇಟ್. 8ರ ಘನ 512, ಐದಕ್ಕೆ 2,560. ಸೇರಿಸಿದ ಎರಡು ಪ್ಲೇಟ್ 10 ಮಿ.ಮೀ.ನವು. 10ರ ಘನ 1,000, ಎರಡಕ್ಕೆ 2,000. ಐದಕ್ಕೆ ಎರಡು ಸೇರಿದರೆ ಬಿಗಿತ ನೂರಕ್ಕೆ ನಲವತ್ತು ಹೆಚ್ಚಿತು ಎಂದುಕೊಂಡವರಿಗೆ ನಿಜವಾಗಿ ಸಿಕ್ಕಿದ್ದು ಹತ್ತಿರ ಹತ್ತಿರ ನೂರಕ್ಕೆ ಎಂಬತ್ತು. ಜೊತೆಗೆ, ಒಂದೇ ಸೆಟ್ಟಿನಲ್ಲಿ ಎಲ್ಲ ಪ್ಲೇಟುಗಳೂ ಒಂದೇ ಅಳತೆಗೆ ಬಾಗಬೇಕಾದಾಗ ದಪ್ಪನೆಯದರ ಮೇಲ್ಮೈಗೆ ಹೆಚ್ಚು ಎಳೆತ. 8ಕ್ಕೆ 10 ಎಂದರೆ ಕಾಲು ಭಾಗ ಹೆಚ್ಚು. ತೆಳ್ಳಗಿನವುಗಳ ನಡುವೆ ದಪ್ಪ ಪ್ಲೇಟು ಮೊದಲು ದಣಿಯುವುದರಲ್ಲಿ ಆಶ್ಚರ್ಯವಿಲ್ಲ.

"ಮಾವ, ಪ್ಯಾಡಿನ ವಿಷಯವನ್ನೂ ಹೇಳಿ"

ಇಲ್ಲಿಗೆ ಪ್ರಕರಣ ಮುಗಿದಂತೆಯೇ ಇತ್ತು. ಹೊಸ ಸೆಟ್, ಉದ್ದದ ಯು-ಬೋಲ್ಟ್, ಬಿಲ್ಲು. ಆಗ ಪಕ್ಕದಲ್ಲಿ ನಿಂತಿದ್ದ ಹುಡುಗ, "ಮಾವ, ಪ್ಯಾಡಿನ ವಿಷಯವನ್ನೂ ಹೇಳಿ" ಎಂದ. ಮಾವನಿಗೆ ಅದು ಈ ಕೆಲಸಕ್ಕೆ ಸಂಬಂಧವಿಲ್ಲದ ಸಂಗತಿ. "ಅದು ಇವನು ಬ್ರೇಕ್ ತುಳಿಯುವ ರೀತಿ" ಎಂದು ತಳ್ಳಿಹಾಕಿದರು. ಹುಡುಗ ಬಿಡಲಿಲ್ಲ. ಒಂದು ವರ್ಷದಿಂದ ಮುಂದಿನ ಬ್ರೇಕ್ ಪ್ಯಾಡುಗಳು ಮೊದಲಿನ ಅರ್ಧ ಕಾಲವೂ ಬಾಳುತ್ತಿಲ್ಲ. ತರಕಾರಿ ತುಂಬಿಕೊಂಡು ಆಗುಂಬೆ ಇಳಿದು ಸೋಮೇಶ್ವರ ಮುಟ್ಟುವಾಗ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ.

ಚಕ್ರ ಬಿಚ್ಚಿದೆವು. ಮುಂದಿನ ಡಿಸ್ಕ್‌ಗಳ ಮೇಲೆ ನೀಲಿ ಛಾಯೆ. ಡಿಸ್ಕ್ ಅತಿಯಾಗಿ ಕಾದದ್ದಕ್ಕೆ ಅದು ಗುರುತು. ಹಿಂದಿನ ಬ್ರೇಕ್ ಡ್ರಮ್ ತೆಗೆದರೆ ಒಳಗೆ ಸವೆಯಬೇಕಾದ ಲೈನರ್ ಹೆಚ್ಚುಕಡಿಮೆ ಹೊಸದರ ಹಾಗೆ. ಮೂರೂವರೆ ಟನ್ ಗಾಡಿಯನ್ನು ಘಾಟಿಯಲ್ಲಿ ಮುಂದಿನ ಎರಡು ಚಕ್ರಗಳೇ ನಿಲ್ಲಿಸುತ್ತಿದ್ದವು.

ಇಂಥ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಲೋಡಿಗೆ ತಕ್ಕಂತೆ ಹೊಂದಿಸಲು ಒಂದು ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಖಾಲಿ ಗಾಡಿಯಲ್ಲಿ ಹಿಂಬದಿ ಹಗುರ. ಪೂರ್ತಿ ಒತ್ತಡ ಕೊಟ್ಟರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಲೋಡ್ ಇದ್ದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬೇಕು. ಲೋಡ್ ಎಷ್ಟಿದೆ ಎಂದು ವಾಲ್ವಿಗೆ ತಿಳಿಯುವುದು ಹೇಗೆ? ವಾಲ್ವ್ ಚಾಸಿಯ ಮೇಲಿರುತ್ತದೆ, ಅದರಿಂದ ಒಂದು ಸಣ್ಣ ಕಡ್ಡಿ ಆಕ್ಸಲ್ಲಿಗೆ ಇಳಿದಿರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಂತೆ ಕಡ್ಡಿ ಸರಿಯುತ್ತದೆ, ವಾಲ್ವ್ ತೆರೆದುಕೊಳ್ಳುತ್ತದೆ. ಅದು ತೂಗುವುದಿಲ್ಲ, ಚಾಸಿಗೂ ಆಕ್ಸಲ್ಲಿಗೂ ಇರುವ ಅಂತರವನ್ನಷ್ಟೇ ನೋಡುತ್ತದೆ. ಗಾಡಿ ಎಷ್ಟು ಕೂತಿದೆಯೋ ಅಷ್ಟು ಲೋಡ್ ಇದೆ ಎಂಬುದೇ ಅದರ ತಿಳುವಳಿಕೆ.

ಈಗ ಲೆಕ್ಕ ಕೂಡಿಸಿ. ಕಂಪನಿ ಸೆಟ್ಟಿನಲ್ಲಿ ಪೂರ್ತಿ ಲೋಡಿಗೆ ಚಾಸಿ ಸುಮಾರು 80 ಮಿ.ಮೀ. ಇಳಿಯುವ ಗಾಡಿ, ದಪ್ಪ ಪ್ಲೇಟ್ ಹಾಕಿದ ಮೇಲೆ ಅದೇ ಲೋಡಿಗೆ 45 ಮಿ.ಮೀ. ಇಳಿಯುತ್ತದೆ. ಸಾಲದ್ದಕ್ಕೆ ಸೇರಿಸಿದ ಪ್ಲೇಟುಗಳ ಬಾಗು ಹೆಚ್ಚಿದ್ದರಿಂದ ಖಾಲಿ ಗಾಡಿಯೇ 30 ಮಿ.ಮೀ. ಮೇಲೆದ್ದಿತ್ತು. ಪೂರ್ತಿ ಲೋಡ್ ಹೇರಿದರೂ ವಾಲ್ವಿನ ಕಣ್ಣಿಗೆ ಬೀಳುವ ಇಳಿತ 15 ಮಿ.ಮೀ. ಮಾತ್ರ. ಅದು ಹೆಚ್ಚುಕಡಿಮೆ ಖಾಲಿ ಗಾಡಿ ಎಂದೇ ಭಾವಿಸಿ ಹಿಂದಿನ ಬ್ರೇಕಿಗೆ ಒತ್ತಡ ತಡೆಹಿಡಿಯುತ್ತಿತ್ತು. ಎಡಬದಿ ಮುರಿದು ಕೂತ ಮೇಲಾದರೂ ವಾಲ್ವ್ ತೆರೆಯಬಾರದಿತ್ತೇ ಎಂದರೆ, ಕಡ್ಡಿ ಇದ್ದದ್ದು ಬಲಬದಿಯಲ್ಲಿ. ಬಲಬದಿಯ ಸೆಟ್ ಇನ್ನೂ ಗಟ್ಟಿಯಾಗಿ ನಿಂತಿತ್ತು.

ಇದು ಅಪರೂಪದ ದೋಷವಲ್ಲ ಎಂದು ನನ್ನ ಅಂದಾಜು. ಪ್ಲೇಟ್ ಹಾಕುವವರು ಪ್ಲೇಟ್ ನೋಡುತ್ತಾರೆ, ಬ್ರೇಕ್ ಕೆಲಸದವರು ಪ್ಯಾಡ್ ನೋಡುತ್ತಾರೆ, ನಡುವಿನ ಕಡ್ಡಿಯ ಕಡೆ ಯಾರೂ ತಿರುಗುವುದಿಲ್ಲ. ಬೈಯಿಸಿಕೊಳ್ಳುವವನು ಡ್ರೈವರ್.

ತೂಕದ ಚೀಟಿ

ಗಾಡಿಯನ್ನು ಪೂರ್ತಿ ಬಿಚ್ಚಿಡುವ ಮೊದಲು ನಿಜವಾದ ಒಂದು ಲೋಡನ್ನು ತೂಗಿಸಬೇಕೆಂದು ನಮ್ಮ ಹಟ. ಮುರಿದ ಸೆಟ್ಟಿಗೆ ತಾತ್ಕಾಲಿಕವಾಗಿ ಹಳೆಯ ಐದು ಪ್ಲೇಟು, ಹೊಸ ಸೆಂಟರ್ ಬೋಲ್ಟು ಕೂಡಿಸಿ, ಬಂದರಿನಿಂದ ವೇಬ್ರಿಡ್ಜಿನವರೆಗೆ ಮಾತ್ರ ನಿಧಾನವಾಗಿ ತಂದದ್ದು. ಆ ಲೋಡು ಅಲ್ಲಿಂದ ಬೇರೆ ಗಾಡಿಯಲ್ಲಿ ಹೋಯಿತು. ವೇಬ್ರಿಡ್ಜಿನಲ್ಲಿ ಇಡೀ ಗಾಡಿಯನ್ನು ಒಮ್ಮೆ ತೂಗಿದರೆ ಸಾಲದು. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಇನ್ನೊಂದು, ಮುಂದಿನದು ಇಳಿದು ಹಿಂದಿನದಷ್ಟೇ ಉಳಿದಾಗ ಮತ್ತೊಂದು. ತೂಗುವವರಿಗೆ ಇದು ತಲೆಹರಟೆ ಅನಿಸುತ್ತದೆ. ಸಾಲಿನಲ್ಲಿ ಜಲ್ಲಿ ಲಾರಿ ಕಾಯುತ್ತಿದ್ದರಂತೂ ಕೇಳುವುದೇ ಬೇಡ.

ಚೀಟಿ ಹೇಳಿದ್ದು: ಒಟ್ಟು 3,505 ಕೆಜಿ. ಮುಂದಿನ ಆಕ್ಸಲ್ 875, ಹಿಂದಿನದು 2,630.

ಒಟ್ಟು ತೂಕದಲ್ಲಿ 510 ಕೆಜಿ ಹೆಚ್ಚು. ಮಾಲೀಕರು ಸುಳ್ಳು ಹೇಳಿರಲಿಲ್ಲ. ಅವರ ಬಿಲ್ಲಿನ ಪ್ರಕಾರ ಮೀನು 1,150 ಕೆಜಿ ಮಾತ್ರ. ಆದರೆ ಬಿಲ್ಲಿನಲ್ಲಿ ಐಸ್ ಬರುವುದಿಲ್ಲ, ಕ್ರೇಟೂ ಬರುವುದಿಲ್ಲ. ಘಟ್ಟದ ಮೇಲಿನ ದಾರಿಗೆ ಮೀನಿನ ಸುಮಾರು ಅರ್ಧದಷ್ಟು ಐಸ್ ಬೇಕು. ಅದು 550 ಕೆಜಿ, ಕ್ರೇಟುಗಳದ್ದು ನೂರು ಚಿಲ್ಲರೆ. ಮೀನು ವ್ಯಾಪಾರದ ಲೆಕ್ಕಕ್ಕೆ ಐಸ್ ಖರ್ಚಿನ ಬಾಬತ್ತು, ಗಾಡಿಯ ಲೆಕ್ಕಕ್ಕೆ ಅದೂ ಭಾರ.

ಅದಕ್ಕಿಂತ ಕೆಟ್ಟದ್ದು ಹಿಂದಿನ ಆಕ್ಸಲ್ಲಿನ ಅಂಕಿ. ಆರ್‌ಸಿಯಲ್ಲಿ ಅದಕ್ಕೆ ಬರೆದದ್ದು 1,950 ಕೆಜಿ. ಬಿದ್ದದ್ದು 680 ಕೆಜಿ ಹೆಚ್ಚು. ಮುಂದಿನ ಆಕ್ಸಲ್ಲಿನಲ್ಲಿ ಖಾಲಿ ಗಾಡಿಗೆ 965 ಕೆಜಿ ಇತ್ತು, ಲೋಡ್ ಮಾಡಿದ ಮೇಲೆ 90 ಕೆಜಿ ಇಳಿದಿದೆ. ಲೋಡಿನ ಭಾರಕೇಂದ್ರ ಹಿಂದಿನ ಆಕ್ಸಲ್ಲಿಗಿಂತ ಹಿಂದಕ್ಕೆ ಹೋದರೆ ಮಾತ್ರ ಹೀಗಾಗುತ್ತದೆ. ಕಾರಣ ಕಣ್ಣೆದುರಿಗೇ ಇತ್ತು: ಹಿಂದಿನ ಬಾಗಿಲನ್ನು ಸರಪಳಿಯ ಮೇಲೆ ಇಳಿಸಿ ಅದರ ಮೇಲೂ ಎರಡು ಸಾಲು ಕ್ರೇಟು ಪೇರಿಸಿದ್ದರು. ಕ್ಯಾಬಿನ್ನಿಗೆ ತಾಗಿದ ಒಳ್ಳೆಯ ಜಾಗದಲ್ಲಿ ಖಾಲಿ ಕ್ರೇಟು, ಹಗ್ಗ, ಟಾರ್ಪಾಲು. ಇಳಿಸುವಾಗ ಸುಲಭವಾಗಲಿ ಎಂದು ಇಟ್ಟ ಕ್ರಮ. ಘಾಟಿ ಏರುವಾಗ ಸ್ಟಿಯರಿಂಗ್ ಹಗುರವಾಗಿ ತೇಲಿದಂತೆ ಆಗುತ್ತದೆಯೇ ಎಂದು ಕೇಳಿದೆ. ಹುಡುಗ ಮಾವನ ಮುಖ ನೋಡಿ ಹೌದೆಂದು ತಲೆಯಾಡಿಸಿದ.

ಟೈರಿನ ಪಕ್ಕೆಯ ಮೇಲೆ ಅಳತೆಯ ಜೊತೆಗೆ 108 ಎಂಬ ಅಂಕಿ ಇತ್ತು. ಅದು ಲೋಡ್ ಇಂಡೆಕ್ಸ್. 108 ಎಂದರೆ ಒಂದು ಟೈರಿಗೆ ಗರಿಷ್ಠ 1,000 ಕೆಜಿ. ಹಿಂದೆ ಎರಡೇ ಟೈರು, ಅಂದರೆ 2,000 ಕೆಜಿ. ಹೊರುತ್ತಿದ್ದದ್ದು 2,630. ಪ್ಲೇಟನ್ನು ಎಷ್ಟು ಬೇಕಾದರೂ ಸೇರಿಸಬಹುದು. ಟೈರು, ಬೇರಿಂಗು, ಆಕ್ಸಲ್ಲಿನ ಹೌಸಿಂಗು, ಬ್ರೇಕು ಇವುಗಳಿಗೆ ಏನು ಸೇರಿಸುತ್ತೀರಿ ಎಂದು ನಾನು ಕೇಳಿದ್ದಕ್ಕೆ ಮಾಲೀಕರು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡುತ್ತಾ ನಿಂತರು. ಆಮೇಲೆ ಕೇಳಿದ್ದು ದಂಡ ಎಷ್ಟು ಎಂದು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಭಾರವನ್ನು ಇಳಿಸುವ ಖರ್ಚು ಬೇರೆ. ಪ್ಲೇಟ್ ಸೇರಿಸಿದ್ದರಿಂದ ಆರ್‌ಸಿಯ ತೂಕ ಒಂದು ಕೆಜಿಯೂ ಏರುವುದಿಲ್ಲ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಅದೇ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿಯೇ ಹೇಳಿತು. ಅಪಘಾತವಾದರೆ ವಿಮಾ ಕಂಪನಿಯ ಸರ್ವೇಯರ್ ಗಾಡಿಯ ಕೆಳಗೆ ಬಗ್ಗಿ ನೋಡುತ್ತಾರೆ ಎಂಬುದನ್ನೂ ತಿಳಿಸಿದೆ.

ಏನು ಮಾಡಬಹುದಿತ್ತು, ಏನು ಮಾಡಿದೆವು

ಇನ್ನೆರಡು ಪ್ಲೇಟ್ ಎಂಬ ಮಾತು ಅಲ್ಲಿಗೆ ಬಿತ್ತು. ಏರ್ ಬ್ಯಾಗ್ ಹಾಕಿಸಿದರೆ ಹೇಗೆ ಎಂದು ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಖಾಲಿ ಇದ್ದಾಗ ಗಾಳಿ ಇಳಿಸಿ, ಲೋಡಿಗೆ ತಕ್ಕಂತೆ ತುಂಬುವ ರಬ್ಬರ್ ಚೀಲ ಒಳ್ಳೆಯ ಸಾಧನವೇ. ನಾನು ಬೇಡ ಎಂದದ್ದಕ್ಕೆ ಎರಡು ಕಾರಣ. ಪ್ಲೇಟ್ ಸೆಟ್ಟಿನ ಭಾರ ಎರಡು ತುದಿಗಳಲ್ಲಿ ಹಂಚಿ ಚಾಸಿಗೆ ಹೋಗುತ್ತದೆ, ಚೀಲದ್ದು ಒಂದೇ ಜಾಗಕ್ಕೆ. ಏಳು ವರ್ಷ ಉಪ್ಪುನೀರು ಕುಡಿದ ಚಾಸಿಯಲ್ಲಿ ಆ ಜಾಗ ಗಟ್ಟಿಯಾಗಿದೆ ಎಂದು ಧೈರ್ಯವಾಗಿ ಹೇಳುವಂತಿರಲಿಲ್ಲ. ಎರಡನೆಯದು ಮತ್ತೆ ಅದೇ ವಾಲ್ವ್. ಗಾಳಿ ತುಂಬಿದಷ್ಟೂ ಚಾಸಿ ಏರುತ್ತದೆ, ಬ್ರೇಕ್ ಪುನಃ ಮೋಸ ಹೋಗುತ್ತದೆ.

ಹಳೆಯ ಪ್ಲೇಟುಗಳನ್ನೇ ಕಾಯಿಸಿ, ಬಡಿದು, ಬಾಗು ಕೊಡಿಸುವುದು ನಮ್ಮ ಕಡೆ ಅಗ್ಗದ ದಾರಿ. ಸ್ಪ್ರಿಂಗ್ ಉಕ್ಕಿನ ಗುಣವೆಲ್ಲ ಅದಕ್ಕೆ ಕೊಟ್ಟ ಹದದಲ್ಲಿದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ಮತ್ತೆ ಎಣ್ಣೆಯಲ್ಲಿ ತಣಿಸಿ ಸರಿಯಾದ ಶಾಖದಲ್ಲಿ ಹದ ಮಾಡದಿದ್ದರೆ ಪ್ಲೇಟು ಕೆಲವು ತಿಂಗಳಲ್ಲಿ ಮತ್ತೆ ಮಲಗುತ್ತದೆ, ಇಲ್ಲವೇ ಮುರಿಯುತ್ತದೆ. ಒಳ್ಳೆಯ ಕಮ್ಮಾರರಿಗೆ ಇದು ಗೊತ್ತು, ಮಾಡಿಯೂ ಕೊಡುತ್ತಾರೆ. ಇಲ್ಲಿ ಪ್ಲೇಟುಗಳ ನಡುವೆ ತುಕ್ಕು ಪದರ ಪದರವಾಗಿ ಕೂತು ಲೋಹವನ್ನೇ ತಿಂದಿತ್ತು. ಅಂಥದ್ದಕ್ಕೆ ಹದ ಕೊಟ್ಟು ಫಲವಿಲ್ಲ.

ಕೊನೆಗೆ ಆದ ತೀರ್ಮಾನ: ಮುಖ್ಯ ಸೆಟ್ ಕಂಪನಿಯ ಮೂಲ ಅಳತೆಯದ್ದೇ, ಹೊಸದು. ಅದರ ಮೇಲೆ ಇದ್ದ ಹೆಲ್ಪರ್ (ಭಾರ ಹೆಚ್ಚಿದಾಗ ಮಾತ್ರ ಕೆಲಸಕ್ಕೆ ಬರುವ ಸಹಾಯಕ ಪ್ಲೇಟ್) ಬದಲು, ಅದೇ ಮಾದರಿಯ ಹೆಚ್ಚು ಭಾರದ ಗಾಡಿಗೆ ಬರುವ ಎರಡು ಪ್ಲೇಟಿನ ಹೆಲ್ಪರ್. ಇದನ್ನು ಮಾರ್ಪಾಡು ಎನ್ನುವವರಿಗೆ ನನ್ನ ಉತ್ತರ: ಅದೇ ಬ್ರಾಕೆಟ್, ಅದೇ ಕಂಪನಿಯ ಭಾಗ, ಎಲ್ಲೂ ರಂಧ್ರ ಕೊರೆದಿಲ್ಲ, ವೆಲ್ಡಿಂಗ್ ಮಾಡಿಲ್ಲ. ಆದರೂ ಕಂಪನಿಯ ಸರ್ವಿಸ್ ಸೆಂಟರಿನಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಂಡೆವು. ಹೆಲ್ಪರ್‌ನ ಲಾಭ ಅದು ಕೆಲಸಕ್ಕೆ ಇಳಿಯುವ ಹೊತ್ತಿನಲ್ಲಿದೆ. ಖಾಲಿ ಗಾಡಿಯಲ್ಲಿ ಅದರ ತುದಿಗಳು ಚಾಸಿಯ ಪ್ಯಾಡುಗಳನ್ನು ಮುಟ್ಟುವುದಿಲ್ಲ, ಗಾಡಿ ಮೆತ್ತಗೆ ಓಡುತ್ತದೆ. ಚಾಸಿ ಒಂದು ಮಟ್ಟಕ್ಕೆ ಇಳಿದ ಮೇಲೆ ಹೆಲ್ಪರ್ ತಾಗಿ ಬಿಗಿತ ಏರುತ್ತದೆ. ಅಷ್ಟರಲ್ಲಿ ವಾಲ್ವಿನ ಕಡ್ಡಿ ಸರಿಯಬೇಕಾದಷ್ಟು ಸರಿದಿರುತ್ತದೆ. ಮುಖ್ಯ ಸೆಟ್ಟಿಗೆ ದಪ್ಪ ಪ್ಲೇಟ್ ತುರುಕುವುದಕ್ಕೂ ಹೆಲ್ಪರ್ ಬಲಪಡಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು.

ಜೋಡಿಸುವಾಗಿನ ಎರಡು ಸಂಗತಿಗಳನ್ನು ಬರೆದಿಡಬೇಕು, ಬಹಳ ಕಡೆ ತಪ್ಪುವುದು ಇಲ್ಲಿಯೇ. ಪ್ಲೇಟಿನ ತುದಿಯ ಕಣ್ಣಿಗೂ ಅದನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿಗೂ ರಬ್ಬರ್ ಬುಷ್ ಇರುತ್ತದೆ. ಗಾಡಿ ಜಾಕಿಯ ಮೇಲೆ ನೇತಾಡುತ್ತಿರುವಾಗಲೇ ಆ ಬೋಲ್ಟುಗಳನ್ನು ಪೂರ್ತಿ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆಯೇ ಕೊನೆಯ ಬಿಗಿ. ಯು-ಬೋಲ್ಟ್‌ಗಳು ಹೊಸವು, ಸೆಟ್ಟಿನ ದಪ್ಪಕ್ಕೆ ತಕ್ಕ ಉದ್ದದವು. ಒಂದೊಂದು ಬದಿಯ ನಾಲ್ಕು ನಟ್ಟುಗಳನ್ನು ಕರ್ಣರೇಖೆಯಲ್ಲಿ ಸ್ವಲ್ಪ ಸ್ವಲ್ಪವೇ, ಟಾರ್ಕ್ ರೆಂಚ್ ಹಿಡಿದು ಬಿಗಿದೆವು. ಹೊಸ ಪ್ಲೇಟುಗಳ ಬಣ್ಣ, ಸಣ್ಣ ಉಬ್ಬುತಗ್ಗು ಮೊದಲ ಲೋಡುಗಳಲ್ಲಿ ಒತ್ತಿ ಕೂರುವುದರಿಂದ ಬಿಗಿ ತಾನಾಗಿ ಸಡಿಲುತ್ತದೆ. ಆದ್ದರಿಂದ ಮೊದಲ ಲೋಡ್ ಹೋಗಿಬಂದ ಮೇಲೆ ಒಮ್ಮೆ, ಸುಮಾರು 500 ಕಿ.ಮೀ.ಗೆ ಇನ್ನೊಮ್ಮೆ ಬಿಗಿಸಲು ಬರಬೇಕು. ಬರದಿದ್ದರೆ ಕೆಲಸದ ಹೊಣೆ ನಮ್ಮದಲ್ಲ ಎಂದು ಬಿಲ್ಲಿನ ಮೇಲೆಯೇ ಬರೆದೆ.

ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಕಕ್ಕಿದ್ದವು, ಬದಲಾಯಿಸಿದೆವು. ಹರಿದುಹೋಗಿದ್ದ ಬಂಪ್ ಸ್ಟಾಪರ್ ರಬ್ಬರುಗಳೂ ಹೊಸವಾದವು. ವಾಲ್ವಿನ ಹೊಂದಾಣಿಕೆ ಮಾತ್ರ ಗ್ಯಾರೇಜಿನ ಅಂದಾಜಿಗೆ ಬಿಡುವ ಕೆಲಸವಲ್ಲ. ಹಿಂದಿನ ಆಕ್ಸಲ್ಲಿನ ಮೇಲೆ ಗೊತ್ತಾದ ತೂಕ ಇಟ್ಟು, ಮುಂದೆ ಹಿಂದೆ ಎರಡೂ ಕಡೆ ಪ್ರೆಷರ್ ಗೇಜ್ ಜೋಡಿಸಿ, ಆ ಮಾದರಿಯ ಕೈಪಿಡಿಯ ಅಂಕಿಗೆ ಹೊಂದಿಸಬೇಕು. ಅದನ್ನು ಸರ್ವಿಸ್ ಸೆಂಟರಿನಲ್ಲೇ ಮಾಡಿಸಿದ್ದು.

ಉಪ್ಪುನೀರಿನ ವಿಷಯ ಬೇರೆಯೇ ಹೇಳಬೇಕು. ಮೀನಿನ ಗಾಡಿಯಿಂದ ಐಸ್ ಕರಗಿದ ನೀರು ರಸ್ತೆಗೆ ಸುರಿಯುತ್ತದೆ ಎಂಬ ದೂರು ಕರಾವಳಿಯಲ್ಲಿ ಹಳೆಯದು. ಆದರೆ ರಸ್ತೆಗೆ ಬೀಳುವ ಮುನ್ನ ಅದು ಗಾಡಿಯ ಮೇಲೆಯೇ ಬೀಳುತ್ತದೆ. ಈ ಗಾಡಿಯ ಬಾಡಿಯಲ್ಲಿ ನೀರು ಹೋಗಲು ಮಾಡಿದ ರಂಧ್ರ ಸರಿಯಾಗಿ ಎಡಬದಿಯ ಸೆಟ್ಟಿನ ನೆತ್ತಿಗಿತ್ತು. ಎಡಬದಿಯೇ ಮೊದಲು ಸೋತದ್ದಕ್ಕೆ ಅದೂ ಒಂದು ಕಾರಣ. ಆ ರಂಧ್ರ ಮುಚ್ಚಿಸಿ, ನೀರನ್ನು ಪೈಪಿನಲ್ಲಿ ಹಿಂದಕ್ಕೆ ತಂದು ಒಂದು ಪ್ಲಾಸ್ಟಿಕ್ ಟ್ಯಾಂಕಿಗೆ ಬಿಟ್ಟೆವು. ಟ್ಯಾಂಕು ತುಂಬಿದಾಗ ಅದೂ ಭಾರವೇ, ಊರು ಮುಟ್ಟಿದ ಮೇಲೆ ಸರಿಯಾದ ಜಾಗದಲ್ಲಿ ಖಾಲಿ ಮಾಡಬೇಕು. ಪ್ರತಿ ಲೋಡಿನ ನಂತರ ಸಿಹಿನೀರಿನಲ್ಲಿ ಅಡಿಭಾಗ ತೊಳೆಯಬೇಕು. ಮಳೆಗಾಲಕ್ಕೆ ಮುಂಚೆ ಸುಟ್ಟ ಎಂಜಿನ್ ಆಯಿಲನ್ನು ಗಾಡಿಯ ಕೆಳಗೆಲ್ಲ ಹೊಡೆಸುವ ಪದ್ಧತಿ ನಮ್ಮಲ್ಲಿದೆ. ಕಬ್ಬಿಣಕ್ಕೆ ಅದು ಸ್ವಲ್ಪ ರಕ್ಷಣೆ ಕೊಟ್ಟೀತು, ಆದರೆ ರಬ್ಬರ್ ಬುಷ್‌ಗಳು ಎಣ್ಣೆ ಹೀರಿ ಉಬ್ಬಿ ಕೊಳೆಯುತ್ತವೆ. ಮಾಲೀಕರು ಮೂವತ್ತು ವರ್ಷದಿಂದ ಮಾಡಿಸಿಕೊಂಡು ಬಂದದ್ದು; ಈ ಒಂದು ಮಾತಿಗೆ ಅವರು ಇನ್ನೂ ಒಪ್ಪಿಲ್ಲ.

ಆಗಸ್ಟ್ ಬಂದ ಮೇಲೆ

ಕಷ್ಟದ ಭಾಗ ಕಬ್ಬಿಣದ್ದಾಗಿರಲಿಲ್ಲ. 1,300 ಕೆಜಿಯ ಒಳಗೆ ಐಸ್, ಕ್ರೇಟು, ಮೀನು ಎಲ್ಲ ಬರಬೇಕೆಂದರೆ ಮೀನಿಗೆ ಉಳಿಯುವುದು ಎಂಟುನೂರು ಕೆಜಿ ಚಿಲ್ಲರೆ. "ಹಾಗಾದರೆ ಬಾಡಿಗೆ ಹುಟ್ಟುವುದು ಹೇಗೆ?" ಎಂದು ಮಾಲೀಕರು ಕೇಳಿದ್ದು ಸಿಟ್ಟಿನಿಂದಲ್ಲ, ನಿಜವಾದ ಚಿಂತೆಯಿಂದ. ಕುಳಿತು ಲೆಕ್ಕ ಹಾಕಿದೆವು. ಒಂದು ವರ್ಷದಲ್ಲಿ ಹೋದ ಪ್ಯಾಡುಗಳು, ಎರಡು ಡಿಸ್ಕ್, ಹಿಂದಿನ ಎರಡು ಟೈರು, ಎರಡು ಸಲದ ಪ್ಲೇಟ್ ಕೆಲಸ, ಗಾಡಿ ನಿಂತ ದಿನಗಳ ಬಾಡಿಗೆ. ಹೆಚ್ಚುವರಿ ಮೀನಿನಿಂದ ಬಂದದ್ದನ್ನು ಇದು ಪೂರ್ತಿ ನುಂಗಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ನುಂಗಿತ್ತು. ಆಗುಂಬೆಯ ಇಳಿಜಾರಿನಲ್ಲಿ ಮೆತ್ತಗಾದ ಪೆಡಲಿಗೆ ನಾವು ಬೆಲೆ ಕಟ್ಟಲಿಲ್ಲ. ಹುಡುಗ ಪಕ್ಕದಲ್ಲೇ ಕೂತಿದ್ದ.

ಹೊಸ ಕ್ರಮ ಹೀಗೆ: ಹಿಂದಿನ ಬಾಗಿಲು ಮುಚ್ಚಿಯೇ ಲೋಡ್. ಐಸ್ ಹೆಚ್ಚಿರುವ ಭಾರದ ಕ್ರೇಟುಗಳು ಕ್ಯಾಬಿನ್ನಿಗೆ ತಾಗಿ, ಖಾಲಿ ಕ್ರೇಟು ಮತ್ತು ಟಾರ್ಪಾಲು ಹಿಂದೆ. ಬಂಗುಡೆ ರಾಶಿ ಬಿದ್ದ ದಿನ ಇನ್ನೊಂದು ಗಾಡಿಯನ್ನು ಬಾಡಿಗೆಗೆ ಹಿಡಿಯುವುದು. ಘಾಟಿ ಏರಿದ ಗಿಯರಿನಲ್ಲೇ ಇಳಿಯುವುದು. ಹುಡುಗನಿಗೆ ಇದು ಗೊತ್ತೇ ಇತ್ತು, ಮಾವನಿಗೆ ಡೀಸೆಲ್ ಖರ್ಚಿನ ಅನುಮಾನವಿತ್ತು. ಗಿಯರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿದ್ದರೆ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ ಎಂದು ಹೇಳಿದ ಮೇಲೆ ಆ ಅನುಮಾನ ಹೋಯಿತು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ಮತ್ತೆ ವೇಬ್ರಿಡ್ಜ್. ಒಟ್ಟು 2,980 ಕೆಜಿ. ಮುಂದೆ 1,072, ಹಿಂದೆ 1,908. ಲೋಡ್ ಬಿದ್ದಾಗ ಮುಂದಿನ ಆಕ್ಸಲ್ಲಿನ ತೂಕ ಇಳಿಯುವ ಬದಲು ಏರಿತ್ತು. ಎಡ ಬಲ ಎತ್ತರದ ವ್ಯತ್ಯಾಸ ಟೇಪಿನಲ್ಲಿ ಹಿಡಿಯಲಾಗದಷ್ಟು ಕಡಿಮೆ. ಎರಡನೆಯ ಸಲ ಯು-ಬೋಲ್ಟ್ ಬಿಗಿಸಲು ಬಂದಾಗ ಡ್ರಮ್ ತೆಗೆದು ನೋಡಿದೆ. ಹಿಂದಿನ ಲೈನರ್ ಈಗ ಸವೆಯಲು ಶುರುವಾಗಿತ್ತು. ಬ್ರೇಕಿನ ಭಾಗ ಸವೆದದ್ದನ್ನು ಕಂಡು ಸಮಾಧಾನಪಟ್ಟದ್ದು ಇದೊಂದೇ ಸಲ. ಹೆಲ್ಪರ್ ತುದಿ ಪ್ಯಾಡಿಗೆ ತಾಗುವಾಗ ಹೊಂಡಗಳಲ್ಲಿ ಟಕ್ ಎಂಬ ಸದ್ದು ಬರುತ್ತದೆ, ಅದು ದೋಷವಲ್ಲ. ಖಾಲಿ ಗಾಡಿಯಲ್ಲಿಯೂ ಆ ಸದ್ದು ಬಂದರೆ ಮಾತ್ರ ತೋರಿಸಬೇಕು.

ಮಾಲೀಕರು ಈಗ ಒಂದು ಮೆಟ್ಟಿಲು ದೊಡ್ಡ ಗಾಡಿಯ ದರ ವಿಚಾರಿಸುತ್ತಿದ್ದಾರೆ. ಹುಡುಗನ ಲೈಸೆನ್ಸ್ ಸಾಲುವುದೇ ಎಂಬುದು ಅವರ ಮೊದಲ ಪ್ರಶ್ನೆಯಾಗಿತ್ತು. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಎತ್ತಿಹಿಡಿದಿದೆ. ಲೈಸೆನ್ಸಿಗಿಂತ ಘಾಟಿಯೇ ತೊಡಕು. ಆಗುಂಬೆಯಲ್ಲಿ ಭಾರದ ವಾಹನಗಳಿಗೆ ನಿರ್ಬಂಧವಿದೆ, ಮಳೆಗಾಲದಲ್ಲಿ ಜಿಲ್ಲಾಡಳಿತದ ಆದೇಶ ನೋಡಿಕೊಂಡೇ ಹೊರಡಬೇಕು. ದೊಡ್ಡ ಗಾಡಿ ಕೊಂಡು ಸುತ್ತು ದಾರಿ ಹಿಡಿದರೆ ಬೆಳಗಿನ ಮಾರುಕಟ್ಟೆ ತಪ್ಪುತ್ತದೆ. ಆ ಲೆಕ್ಕ ಮುಗಿಯುವವರೆಗೆ ಈ ಪಿಕಪ್ಪೇ ಓಡಬೇಕು, ಎಂಟುನೂರು ಕೆಜಿ ಮೀನಿನೊಂದಿಗೆ.